ಕೋಳಿ ಕಟ್ಟು, ಕ್ಯೂಬಿನ ಉಪ್ಪು

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಮೊಬೈಲು. ಒಲೆಯ ಪಕ್ಕ ಕವರಿನಲ್ಲಿ ಅರ್ಧ ಕೆ.ಜಿ. ಕೋಳಿ. ಒಳಗಿನ ಕೋಣೆಯಲ್ಲಿ ಆಸ್ಪತ್ರೆಯಿಂದ ಬಂದು ಮೂರು ದಿನವಾಗಿದ್ದ ತಾತ. ‘ಬಾಯಿ ಕೆಟ್ಟಿದೆ, ಬಿಸಿಯಾಗಿ ಒಂದ್ ಲೋಟ ಕೋಳಿ ಸೂಪು ಕೊಡೋ’ ಎಂದು ತಾತ ಕೇಳಿ ಮುಕ್ಕಾಲು ಗಂಟೆಯಾಗಿತ್ತು. ನಾನಿನ್ನೂ ಮೊಬೈಲಿನಲ್ಲಿ ರೆಸಿಪಿ ಓದುತ್ತಲೇ ಇದ್ದೆ.

ಓದುತ್ತಿದ್ದೆ ಅನ್ನುವುದಕ್ಕಿಂತ ಉಜ್ಜುತ್ತಿದ್ದೆ ಅನ್ನಬೇಕು. ಮೊದಲು ಬರೆದವರ ಬಾಲ್ಯದ ಕಥೆ ಬಂತು. ಆಮೇಲೆ ಅವರ ಊರಿನಲ್ಲಿ ಎಲೆ ಉದುರುವ ಕಾಲದ ವರ್ಣನೆ. ಅವರ ನಾಯಿಯ ಫೋಟೊ. ನಡುವೆ ಶೂಗಳ ಜಾಹೀರಾತು, ಸಾಲದ ಜಾಹೀರಾತು, ಮುಚ್ಚಲು ಹೋದರೆ ಓಡಿಹೋಗುವ ಪುಟಾಣಿ ವಿಡಿಯೊ. ಕೊನೆಗೂ ಕೋಳಿ ಬಂತು ಎಂದುಕೊಂಡರೆ ಅಲ್ಲಿದ್ದದ್ದು: ‘ನಾಲ್ಕು ಕಪ್ ಚಿಕನ್ ಸ್ಟಾಕ್ ಹಾಕಿ.’ ಅಲ್ಲ ಸ್ವಾಮಿ, ಆ ಸ್ಟಾಕ್ ಮಾಡುವುದು ಹೇಗೆ ಅಂತ ತಾನೇ ನಾನು ಬಂದದ್ದು! ಅದಕ್ಕೆ ಬೇರೆ ಲಿಂಕು. ಅಲ್ಲಿ ಇನ್ನೊಂದು ಬಾಲ್ಯ, ಇನ್ನೊಂದು ನಾಯಿ. ಬೇಕಾಗುವ ಸಾಮಗ್ರಿ: ಸೆಲರಿ, ಲೀಕ್, ಥೈಮ್, ಹಿಂದಿನ ದಿನ ಓವನ್ನಿನಲ್ಲಿ ಹುರಿದು ತಿಂದ ಇಡೀ ಕೋಳಿಯ ಉಳಿದ ಎಲುಬುಗೂಡು. ಸಣ್ಣ ಉರಿಯಲ್ಲಿ ಆರು ಗಂಟೆ. ನಮ್ಮ ಮನೆಯ ಸಿಲಿಂಡರ್ ಅದನ್ನು ಓದಿದ್ದರೆ ಅಲ್ಲೇ ಖಾಲಿಯಾಗಿಬಿಡುತ್ತಿತ್ತು.

ಪುಟದ ಕೊನೆಯಲ್ಲಿ ಒಂದು ಸಮಾಧಾನದ ಸಾಲಿತ್ತು. ಸಮಯವಿಲ್ಲದಿದ್ದರೆ ಅಂಗಡಿಯಲ್ಲಿ ಸಿಗುವುದನ್ನೇ ಬಳಸಬಹುದು. ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಸ್ಟಾಕ್ ಎಂದರೆ ಬೆಳ್ಳಿ ಕಾಗದದಲ್ಲಿ ಸುತ್ತಿದ ಕ್ಯೂಬು. ಎರಡು ಕ್ಯೂಬು ತಂದೆ, ಕುದಿಯುವ ನೀರಿಗೆ ಹಾಕಿದೆ, ಕೋಳಿ ಬೇಯಿಸಿದೆ, ಅಭ್ಯಾಸಬಲದಿಂದ ಅರ್ಧ ಚಮಚ ಉಪ್ಪನ್ನೂ ಉದುರಿಸಿದೆ. ತಾತ ಎರಡು ಲೋಟ ಕುಡಿದು ‘ಪರವಾಗಿಲ್ವೇ, ಅಡುಗೆ ಕಲ್ತ್‌ಬಿಟ್ಟೆ’ ಎಂದರು. ನನಗೆ ಹೆಮ್ಮೆಯೋ ಹೆಮ್ಮೆ. ಸೋಮವಾರವೂ ಅದೇ, ಮಂಗಳವಾರವೂ ಅದೇ.

ಬುಧವಾರ ಬೆಳಗಿನ ಜಾವ ತಾತನಿಗೆ ಮಲಗಲು ಆಗಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಗೋಡೆಗೆ ಒರಗಿ ಕೂತಿದ್ದರು. ಪಾದ ಊದಿ, ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತಿತ್ತು. ಬಂಗಾರಪೇಟೆಯಿಂದ ಅಮ್ಮ ಆಟೊ ಮಾಡಿಕೊಂಡು ಬಂದರು. ಮತ್ತೆ ಆಸ್ಪತ್ರೆ, ಮತ್ತೆ ಇಂಜೆಕ್ಷನ್ನು.

ಡ್ಯೂಟಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ‘ಮೂರು ದಿನದಿಂದ ಏನು ಕೊಟ್ರಿ?’

‘ಸೂಪು, ಮೇಡಂ. ಬೇರೆ ಏನೂ ಇಲ್ಲ. ಖಾರಾನೂ ಹಾಕಿಲ್ಲ.’

‘ಏನು ಹಾಕಿ ಮಾಡಿದ್ರಿ?’

ಹೇಳಿದೆ. ಅವರು ತಲೆ ಎತ್ತಿ ನನ್ನ ಮುಖ ನೋಡಿದರು. ‘ಇದೊಂದರಿಂದಲೇ ಹೀಗಾಯ್ತು ಅಂತ ನಾನು ಹೇಳಲ್ಲ. ಆದ್ರೆ ಡಿಸ್ಚಾರ್ಜ್ ಚೀಟೀಲಿ ಉಪ್ಪು ಕಮ್ಮಿ ಅಂತ ಬರೆದಿತ್ತಲ್ಲ, ಆ ಪ್ಯಾಕೆಟ್ಟಿನ ಹಿಂಭಾಗ ಓದಿದ್ರಾ?’

ಓದಿರಲಿಲ್ಲ. ಮೂರು ವರ್ಷದಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಸ್ಟೀಮ್ ಟೇಬಲ್ಲು ನೋಡಿ ಲೆಕ್ಕ ಮಾಡುತ್ತೇನೆ. ಎರಡು ಇಂಚಿನ ಪ್ಯಾಕೆಟ್ಟಿನ ಹಿಂಭಾಗ ಓದಿರಲಿಲ್ಲ.

ತಾತನ ಬಗ್ಗೆ ಸ್ವಲ್ಪ ಹೇಳಬೇಕು. ಅವರು ಚಾಂಪಿಯನ್ ರೀಫ್ ಗಣಿಯಲ್ಲಿ ಅಂಡರ್‌ಗ್ರೌಂಡ್ ಕೆಲಸದಲ್ಲಿದ್ದವರು. ಮೂರು ಕಿಲೊಮೀಟರಿಗೂ ಹೆಚ್ಚು ಆಳದ ಗಣಿ ಅದು. ತಳದಲ್ಲಿ ಬಂಡೆಯ ಶಾಖವೇ 60 ಡಿಗ್ರಿ ದಾಟುತ್ತಿತ್ತು. 2001ರ ಫೆಬ್ರುವರಿ 28ರಂದು ಕೆ.ಜಿ.ಎಫ್. ಗಣಿಗಳನ್ನು ಮುಚ್ಚಿದಾಗ ತಾತ ಕೆಲಸ ಬಿಟ್ಟರು, ಲೈನ್ ಮನೆ ಬಿಡಲಿಲ್ಲ. ಕಳೆದ ವರ್ಷ ಅಜ್ಜಿ ತೀರಿಕೊಂಡ ಮೇಲೆ, ಕಾಲೇಜು ಹತ್ತಿರ ಎಂಬ ನೆಪದಲ್ಲಿ ನಾನು ತಾತನ ಜೊತೆ ಬಂದು ಇದ್ದೇನೆ. ಅಪ್ಪ ಅಮ್ಮ ಬಂಗಾರಪೇಟೆಯಲ್ಲಿ. ಅಮ್ಮ ದಿನವೂ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರು. ಈ ಭಾಗದ ಸಾವಿರಾರು ಮಂದಿಯ ಹಾಗೆ ಅವರ ಅರ್ಧ ಆಯುಷ್ಯ ಆ ರೈಲಿನಲ್ಲೇ ಕಳೆಯುತ್ತದೆ.

ಅಜ್ಜಿ ಸೂಪು ಅನ್ನುತ್ತಿರಲಿಲ್ಲ, ಕೋಳಿ ಕಟ್ಟು ಅನ್ನುತ್ತಿದ್ದರು. ಕಟ್ಟು ಎಂಬ ಮಾತು ನಮ್ಮ ಕಡೆಯವರಿಗೆ ಹೊಸದೇನಲ್ಲ. ಒಬ್ಬಟ್ಟಿಗೆ ಬೇಳೆ ಬೇಯಿಸಿ ಬಸಿದ ನೀರು ಬೇಳೆ ಕಟ್ಟು, ಅದರಿಂದ ಮಾಡುವುದು ಕಟ್ಟಿನ ಸಾರು. ಸೊಪ್ಪು ಕಾಳು ಬಸಿದ ಕಟ್ಟಿನಿಂದ ಬಸ್ಸಾರು. ಯಾವುದನ್ನೋ ಬೇಯಿಸಿ, ಅದರ ಸಾರವೆಲ್ಲ ಇಳಿದ ನೀರನ್ನು ಚೆಲ್ಲದೆ ಇನ್ನೊಂದು ಅಡುಗೆಗೆ ತಳಹದಿ ಮಾಡಿಕೊಳ್ಳುವುದನ್ನು ಇಂಗ್ಲಿಷಿನವರು ಸ್ಟಾಕ್ ಅನ್ನುತ್ತಾರೆ. ನಾನು ಇಡೀ ಬೆಳಿಗ್ಗೆ ಹುಡುಕಿದ ವಸ್ತುವಿಗೆ ನಮ್ಮ ಅಡುಗೆಮನೆಯಲ್ಲೇ ಎರಡಕ್ಷರದ ಹೆಸರಿತ್ತು. ಆದರೆ ಅಜ್ಜಿ ಅದನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಅವರದೆಲ್ಲ ಕಣ್ಣಂದಾಜು.

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಪ್ಯಾಕೆಟ್ಟಿನ ಫೋಟೊ ತೆಗೆದು ದೊಡ್ಡದು ಮಾಡಿ ಓದಿದೆ. ನಮ್ಮ ದೇಶದ ಲೇಬಲ್ ನಿಯಮದ ಪ್ರಕಾರ ಯಾವ ಪದಾರ್ಥ ತೂಕದಲ್ಲಿ ಹೆಚ್ಚೋ ಅದರ ಹೆಸರು ಮೊದಲು ಬರಬೇಕು. ಚಿಕನ್ ಕ್ಯೂಬಿನಲ್ಲಿ ಮೊದಲ ಹೆಸರು ಉಪ್ಪು. ಆಮೇಲೆ ರುಚಿ ಹೆಚ್ಚಿಸುವ ಪದಾರ್ಥ, ಎಣ್ಣೆ ಕೊಬ್ಬು, ಪಿಷ್ಟ, ಸಕ್ಕರೆ. ಕೋಳಿಯನ್ನು ಹುಡುಕುತ್ತ ಹೋದರೆ ಪಟ್ಟಿಯ ಬಾಲದ ಹತ್ತಿರ ಸಿಕ್ಕಿತು. ಅದರ ಪಾಲು ಉಪ್ಪಿನ ಪಾಲಿನ ಮುಂದೆ ಒಗ್ಗರಣೆಯ ಸಾಸಿವೆಯಷ್ಟು. ಪ್ಯಾಕೆಟ್ಟಿನ ಮುಂಭಾಗದಲ್ಲಿ ಮಾತ್ರ ಇಡೀ ಕೋಳಿಯ ಚಿತ್ರ.

ಲೆಕ್ಕ ನೀವೂ ಮಾಡಬಹುದು. ಲೇಬಲ್ಲಿನಲ್ಲಿ ಸೋಡಿಯಂ ಎಷ್ಟು ಮಿಲಿಗ್ರಾಂ ಇದೆಯೋ ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಬರುತ್ತದೆ. ನಾನು ಹಾಕಿದ್ದು 10 ಗ್ರಾಂ ತೂಗುವ ಕ್ಯೂಬು. ಅದರಲ್ಲಿ ಹತ್ತಿರ ಹತ್ತಿರ 2 ಗ್ರಾಂ ಸೋಡಿಯಂ, ಅಂದರೆ ಸುಮಾರು 5 ಗ್ರಾಂ ಉಪ್ಪು. ಆರೋಗ್ಯವಾಗಿರುವ ದೊಡ್ಡವರೇ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾನು ಎರಡು ಕ್ಯೂಬು, ಮೇಲೆ ಅರ್ಧ ಚಮಚ ಪುಡಿ ಉಪ್ಪು, ಅದೂ ಹೃದಯ ಸರಿಯಾಗಿ ಪಂಪ್ ಮಾಡದ ಎಪ್ಪತ್ತೊಂಬತ್ತು ವರ್ಷದ ಮನುಷ್ಯನಿಗೆ. ಉಪ್ಪು ಒಳಗೆ ನಿಂತರೆ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆ ನೀರು ಪಾದಕ್ಕೆ ಇಳಿಯಿತು, ಶ್ವಾಸಕೋಶಕ್ಕೂ ಬಂತು. ಇದರಲ್ಲಿ ಕ್ಯೂಬು ಮಾಡಿದವರ ತಪ್ಪೇನೂ ಇಲ್ಲ. ಅವರು ಬರೆದಿದ್ದರು, ನಾನು ಓದಲಿಲ್ಲ.

ಗಣಿಯಲ್ಲಿದ್ದಾಗ ಆ ಸೆಕೆಗೆ ಉಪ್ಪೆಲ್ಲ ಬೆವರಿನಲ್ಲೇ ಹರಿದುಹೋಗುತ್ತಿತ್ತಂತೆ. ಪಾಳಿ ಮುಗಿಸಿ ಮೇಲೆ ಬಂದವರ ಬನಿಯನ್ನಿನ ಮೇಲೆ ಬಿಳಿ ಗೆರೆ ಕಾಣುತ್ತಿತ್ತು ಎಂದು ತಾತ ಹೇಳುತ್ತಾರೆ. ಆ ಕಾಲದ ನಾಲಿಗೆ ಅವರದು. ಉಪ್ಪು ಕಮ್ಮಿಯಾದರೆ ಊಟವೇ ಅಲ್ಲ.

ಈ ಕ್ಯೂಬಿನ ಹಿಂದೆ ಒಂದು ದೊಡ್ಡ ಕಥೆಯಿದೆ, ಅದನ್ನು ಆಮೇಲೆ ಓದಿ ತಿಳಿದೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಯೂಸ್ಟಸ್ ಫಾನ್ ಲೀಬಿಗ್ 19ನೇ ಶತಮಾನದಲ್ಲಿ ಮಾಂಸದ ರಸವನ್ನು ಬತ್ತಿಸಿ ಕಪ್ಪು ಲೇಹ್ಯದಂಥ ಸಾರ ತೆಗೆದರು. ಬಡವರಿಗೂ ರೋಗಿಗಳಿಗೂ ಅಗ್ಗದಲ್ಲಿ ಮಾಂಸದ ಶಕ್ತಿ ಸಿಗಲಿ ಎಂಬ ಆಸೆ. 1865ರಲ್ಲಿ ಅವರ ಹೆಸರಿನ ಕಂಪನಿಯೇ ಶುರುವಾಯಿತು, ಉರುಗ್ವೆಯ ಫ್ರಾಯ್ ಬೆಂಟೋಸ್‌ನಲ್ಲಿ ಕಾರ್ಖಾನೆ. ಒಂದು ಕೆ.ಜಿ. ಸಾರಕ್ಕೆ ಸುಮಾರು 30 ಕೆ.ಜಿ. ಮಾಂಸ ಬೇಕಾಗುತ್ತಿತ್ತು. ಆಮೇಲೆ ಬೇರೆ ವಿಜ್ಞಾನಿಗಳು ಪರೀಕ್ಷಿಸಿ ನೋಡಿದರೆ, ಪೌಷ್ಟಿಕಾಂಶವೆಲ್ಲ ಹಿಂಡಿ ಎಸೆದ ಮಾಂಸದಲ್ಲೇ ಉಳಿದಿತ್ತು. ಸಾರದಲ್ಲಿ ಇದ್ದದ್ದು ರುಚಿ ಮತ್ತು ಲವಣ. ಹಾಗಾಗಿ ಅದನ್ನು ಔಷಧಿಯ ಬದಲು ರುಚಿಯ ಪದಾರ್ಥವಾಗಿ ಮಾರತೊಡಗಿದರು. 1908ರಲ್ಲಿ ಸ್ವಿಟ್ಜರ್ಲೆಂಡಿನ ಯೂಲಿಯುಸ್ ಮಾಗಿಯವರ ಕಂಪನಿ ಸೂಪಿನ ಕ್ಯೂಬನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷ ಜಪಾನಿನ ಕಿಕುನೇ ಇಕೆಡಾ ಕಡಲಕಳೆಯ ಸಾರಿನಿಂದ ಗ್ಲುಟಮೇಟನ್ನು ಬೇರ್ಪಡಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ನಮ್ಮವರು ಟೇಸ್ಟಿಂಗ್ ಪೌಡರ್ ಎನ್ನುವುದು ಅದರ ಲವಣವನ್ನೇ.

ಟೇಸ್ಟಿಂಗ್ ಪೌಡರ್ ಎಂದ ಕೂಡಲೇ ಮನೆಯಲ್ಲಿ ಎಲ್ಲರೂ ಬೆಚ್ಚಿಬೀಳುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ ಆ ಭಯ ಜಾಸ್ತಿಯಾಯಿತು. 1968ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಗೆ ಬಂದ ಒಂದು ಪತ್ರದಿಂದ ಆ ಗಾಬರಿ ಹಬ್ಬಿದ್ದು. ಆಮೇಲಿನ ಸರಿಯಾದ ಪ್ರಯೋಗಗಳು ಅದನ್ನು ದೃಢಪಡಿಸಲಿಲ್ಲ. ಅದರಲ್ಲಿ ಸೋಡಿಯಂ ಇರುವುದು ಸುಮಾರು ಶೇ 12, ಅಡುಗೆ ಉಪ್ಪಿನಲ್ಲಿ ಶೇ 39. ಹೆದರಲೇಬೇಕಿದ್ದರೆ ಪಟ್ಟಿಯ ಮೊದಲ ಹೆಸರಿಗೆ ಹೆದರಬೇಕು, ಅದನ್ನು ಬಿಟ್ಟು ಎಲ್ಲರೂ ಎರಡನೆಯದರ ಮೇಲೆ ಬೀಳುತ್ತಾರೆ.

ತಾತ ಮನೆಗೆ ಬಂದ ದಿನ ಎದುರು ಲೈನಿನ ಪಾಟಿ ನೋಡಲು ಬಂದರು. ಕೆ.ಜಿ.ಎಫ್.ನ ಲೈನ್ ಮನೆಗಳಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಒಂದೇ ನಲ್ಲಿಯ ನೀರು ಕುಡಿದು ಬೆಳೆದಿವೆ. ಪಾಟಿಯ ಮಾತಿನಲ್ಲೂ ಅವೆಲ್ಲ ಇವೆ. ನಾನು ತಲೆ ತಗ್ಗಿಸಿಕೊಂಡು ಕ್ಯೂಬಿನ ಕಥೆ ಹೇಳಿದೆ. ಅವರಿಗೆ ಕ್ಯೂಬಿನ ಮೇಲೆ ಸಿಟ್ಟೇ ಬರಲಿಲ್ಲ. ‘ಏನ್ ಕೋಳಿ ತಂದೆ?’ ಎಂದರು.

‘ಬೋನ್‌ಲೆಸ್, ಪಾಟಿ.’

ಆಗ ಬಂತು ಸಿಟ್ಟು. ‘ಎಲುಬಿಲ್ದೆ, ಕಾಲಿಲ್ದೆ ಸೂಪು ಹೆಂಗಾಗುತ್ತೆ ತಂಬಿ? ನೀರಿಗೆ ನೀನೇ ರುಚಿ ಹೇಳ್ಕೊಡ್ತೀಯಾ?’

ಮರುದಿನ ಪಾಟಿ ಜೊತೆಯಲ್ಲೇ ಕೋಳಿ ಅಂಗಡಿಗೆ ಹೋದೆ. ಎದೆ ಮಾಂಸಕ್ಕೆ ನಾನು ಕೊಟ್ಟಿದ್ದ ದುಡ್ಡಿನ ಚೂರು ಪಾಲಿಗೆ ಒಂದು ಕವರು ಕಾಲು, ಎರಡು ಕತ್ತು, ಬೆನ್ನಿನ ಎಲುಬು ಸಿಕ್ಕಿತು. ಕಾಲನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿ ತೆಗೆದರೆ ಮೇಲಿನ ಹಳದಿ ಸಿಪ್ಪೆ ಕಾಲ್ಚೀಲದ ಹಾಗೆ ಕಳಚಿ ಬರುತ್ತದೆ. ಉಗುರಿನ ತುದಿ ಕತ್ತರಿಸಿ ಹಾಕಬೇಕು. ಮೊದಲ ಸಲ ನನಗೆ ವಾಕರಿಕೆ ಬಂತು, ಸುಳ್ಳು ಹೇಳಲ್ಲ. ಮೂರನೇ ಸಲಕ್ಕೆ ಅದು ಬೆಂಡೆಕಾಯಿ ತೊಟ್ಟು ಕತ್ತರಿಸಿದ ಹಾಗೆ.

ಅರ್ಧ ಕೆ.ಜಿ. ಕಾಲು ಮತ್ತು ಎಲುಬಿಗೆ ಒಂದೂವರೆ ಲೀಟರ್ ತಣ್ಣೀರು. ಬಿಸಿನೀರಿಗೆ ಹಾಕಬಾರದು ಎಂದು ಪಾಟಿ ಎರಡು ಸಲ ಹೇಳಿದರು. ನಿಧಾನವಾಗಿ ಕಾದರೆ ರಕ್ತದ, ಮಾಂಸದ ಕಲ್ಮಶ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ಸೌಟಿನಿಂದ ತೆಗೆದು ಹಾಕುತ್ತ ಹೋಗಬೇಕು. ನೊರೆ ನಿಂತ ಮೇಲೆ ಅರ್ಧ ಈರುಳ್ಳಿ, ಬೆರಳುದ್ದ ಶುಂಠಿ, ಜಜ್ಜಿದ ಹತ್ತು ಕಾಳು ಮೆಣಸು, ಒಂದು ಹಣ್ಣು ಟೊಮೆಟೊ. ಉಪ್ಪು ಹಾಕುವಂತಿಲ್ಲ. ಎರಡು ಗಂಟೆ ಸಣ್ಣ ಉರಿ. ‘ಗುಳುಗುಳು ಅಂತ ಕುದಿಸ್ಬೇಡ, ಆಗೊಂದು ಈಗೊಂದು ಗುಳ್ಳೆ ಸಾಕು’ ಎಂದರು ಪಾಟಿ. ಜೋರಾಗಿ ಕುದಿಸಿದರೆ ಕೊಬ್ಬು ಒಡೆದು ನೀರಿನೊಳಗೆ ಬೆರೆತು ಕಟ್ಟು ಕಲಗಚ್ಚಿನ ಹಾಗೆ ಕಾಣುತ್ತದೆ.

ತಿಳಿಯಾದ ನೀರಿನಲ್ಲಿ ರುಚಿ ಇರುವುದಿಲ್ಲ ಅನ್ನುವವರು ಬಂಗಾರಪೇಟೆ ಪಾನಿಪುರಿ ತಿಂದಿಲ್ಲ ಎಂದರ್ಥ. ನಮ್ಮೂರ ಪಾನಿ ನೋಡಲು ನಲ್ಲಿಯ ನೀರು. ಬಾಯಿಗೆ ಬಿದ್ದ ಮೇಲೆ ಮೂಗು ಕಣ್ಣು ಎಲ್ಲದರಲ್ಲೂ ನೀರು. ಇರಲಿ, ಊರಿನ ಅಭಿಮಾನ.

ಎರಡು ಗಂಟೆ ಗ್ಯಾಸಿನ ಲೆಕ್ಕ ನನ್ನನ್ನು ಕಾಡುತ್ತಲೇ ಇತ್ತು. ಇಲ್ಲಿ ನನ್ನ ಬಿ.ಇ. ಒಂದಿಷ್ಟು ಕೆಲಸಕ್ಕೆ ಬಂತು. ಕೋಳಿಯ ಕಾಲಿನಲ್ಲಿ ಮಾಂಸವೇ ಇಲ್ಲ, ಇರುವುದೆಲ್ಲ ಚರ್ಮ, ನರ, ಮೃದ್ವಸ್ಥಿ. ಅವುಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನು ಮೂರೆಳೆಯ ಹಗ್ಗದ ಹಾಗೆ ಹೊಸೆದುಕೊಂಡಿರುತ್ತದೆ. ನೀರಿನಲ್ಲಿ ಬಹಳ ಹೊತ್ತು ಬೆಂದರೆ ಹೊಸೆತ ಬಿಚ್ಚಿ ಜೆಲಾಟಿನ್ ಆಗಿ ಕರಗುತ್ತದೆ. ತುಟಿಗೆ ಅಂಟಿದ ಹಾಗಾಗುವ ಆ ಮಂದ ಅದರದು. ಶಾಖ ಹೆಚ್ಚಿದಷ್ಟೂ ಇದು ಬೇಗ ಆಗುತ್ತದೆ. ಕೆ.ಜಿ.ಎಫ್. ಸಮುದ್ರಮಟ್ಟದಿಂದ 800 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ನಮ್ಮಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಅದಕ್ಕಿಂತ ಬಿಸಿ ಬೇಕಿದ್ದರೆ ಕುಕ್ಕರೇ ಗತಿ, ಒಳಗೆ 120 ಡಿಗ್ರಿಯ ಆಸುಪಾಸು ಮುಟ್ಟುತ್ತದೆ.

ಆದರೆ ಮೊದಲ ಸಲ ಕುಕ್ಕರಿನಲ್ಲಿ ಆರು ವಿಷಲ್ ಕೂಗಿಸಿದಾಗ ಬಂದದ್ದು ಅದೇ ಕಲಗಚ್ಚು. ಯಾಕೆಂದು ಯೋಚಿಸಿದೆ. ಮುಚ್ಚಿದ ಕುಕ್ಕರಿನೊಳಗೆ ಒತ್ತಡ ಇರುವಷ್ಟು ಹೊತ್ತು ನೀರು ಹೆಚ್ಚು ಕುದಿಯುವುದಿಲ್ಲ, ಸುಮ್ಮನೆ ಬಿಸಿಯಾಗಿ ನಿಂತಿರುತ್ತದೆ. ವಿಷಲ್ ಕೂಗಿದ ಕ್ಷಣ ಒತ್ತಡ ದಿಢೀರನೆ ಇಳಿದು ಒಳಗಿನ ನೀರೆಲ್ಲ ಉಕ್ಕಿ ಕಲಕುತ್ತದೆ. ಹಾಗಾದರೆ ಕೂಗಲು ಬಿಡಲೇಬಾರದು. ನೊರೆ ತೆಗೆದ ಮೇಲೆ ಮುಚ್ಚಳ ಹಾಕಿ, ಮೊದಲ ವಿಷಲ್ ಬರುವಂತಾದಾಗ ಉರಿ ಪೂರ್ತಿ ಇಳಿಸಿ, ವೆಯ್ಟು ಸುಯ್ ಅನ್ನುತ್ತ ಇರುವ ಹಾಗೆ ನಲವತ್ತು ನಿಮಿಷ ಬಿಟ್ಟೆ. ಆರಿಸಿ, ತಾನಾಗಿ ತಣಿಯುವವರೆಗೆ ಮುಟ್ಟಲಿಲ್ಲ. ಕಟ್ಟು ತಿಳಿಯಾಗಿತ್ತು. ಪಾಟಿ ಲೋಟವನ್ನು ಬೆಳಕಿಗೆ ಹಿಡಿದು ನೋಡಿ ಏನೂ ಹೇಳಲಿಲ್ಲ. ಪಾಟಿಯಿಂದ ಅದು ಡಿಸ್ಟಿಂಕ್ಷನ್.

ಸೋಸಿದ ಕಟ್ಟನ್ನು ಸ್ಟೀಲ್ ಲೋಟಕ್ಕೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಹೊತ್ತಿಗೆ ಜೆಲ್ಲಿಯ ಹಾಗೆ ಅಲ್ಲಾಡುತ್ತದೆ. ಮೇಲೆ ಕೊಬ್ಬಿನ ಒಂದು ಬಿಳಿ ಪದರ, ಅದನ್ನು ಚಮಚದಿಂದ ಎತ್ತಿಬಿಡಬಹುದು. ಕ್ಯೂಬಿನ ನೀರನ್ನೂ ಪಕ್ಕದಲ್ಲಿಟ್ಟೆ, ಅದು ನೀರಾಗಿಯೇ ಇತ್ತು. ತಾತನಿಗೆ ಅಲ್ಲಾಡುವ ಲೋಟ ತೋರಿಸಿದೆ. ‘ಧನುರ್ಮಾಸದ ಚಳೀಲಿ ನಿಮ್ಮಜ್ಜಿ ಸಾರೂ ಬೆಳಿಗ್ಗೆ ಹಿಂಗೇ ಗಟ್ಟಿ ಆಗ್ತಿತ್ತು. ನಾವು ಕೊಬ್ಬು ಅಂದ್ಕೊಂಡಿದ್ವಿ’ ಎಂದರು. ಅಜ್ಜಿಯೂ ಕಾಲು ಹಾಕುತ್ತಿದ್ದರು ಎಂದು ಗೊತ್ತಾದದ್ದು ಹಾಗೆ.

ಟೊಮೆಟೊ ಹಾಕುವುದೇಕೆ ಎಂದು ಪಾಟಿಯನ್ನು ಕೇಳಿದರೆ, ‘ಹಾಕ್ಬೇಕು, ಅದಕ್ಕೇ’ ಎಂದರು. ಉತ್ತರ ನನಗೆ ಆ ಪ್ಯಾಕೆಟ್ಟಿನ ಹಿಂಭಾಗದಲ್ಲೇ ಸಿಕ್ಕಿತು. ರುಚಿ ಹೆಚ್ಚಿಸುವ ಪದಾರ್ಥಗಳು 621, 627, 631 ಎಂದು ಬರೆದಿತ್ತು. 621 ಗ್ಲುಟಮೇಟ್, 627 ಗ್ವಾನಿಲೇಟ್, 631 ಇನೋಸಿನೇಟ್. ಇವು ಬೇರೆ ಬೇರೆಯಾಗಿ ಕೊಡುವುದಕ್ಕಿಂತ ಒಟ್ಟಿಗೆ ಸೇರಿದಾಗ ಎಷ್ಟೋ ಪಾಲು ಹೆಚ್ಚು ರುಚಿ ಕೊಡುತ್ತವೆ ಎಂಬುದು ಜಪಾನಿನ ವಿಜ್ಞಾನಿಗಳು ಕಂಡುಕೊಂಡ ಸಂಗತಿ. ಇನೋಸಿನೇಟ್ ಕೋಳಿಯಲ್ಲಿ ತಾನಾಗಿಯೇ ಇದೆ. ಗ್ಲುಟಮೇಟ್ ಹಣ್ಣಾದ ಟೊಮೆಟೊದಲ್ಲಿ ಧಾರಾಳವಾಗಿದೆ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ಕೋಲಾರದಲ್ಲಿದೆ, ರೇಟು ಬಿದ್ದರೆ ರಸ್ತೆ ಬದಿಗೆ ಸುರಿಯುತ್ತಾರೆ. ಕಾರ್ಖಾನೆಯವರು ನಂಬರು ಹಾಕಿ ಕೂಡಿಸುವುದನ್ನು ನಮ್ಮ ಅಜ್ಜಿಯರು ಹಣ್ಣು ಟೊಮೆಟೊ ಹಿಸುಕಿ ಕೂಡಿಸುತ್ತಿದ್ದರು.

ಈಗ ಒಂದು ನಿಜ ಒಪ್ಪಿಕೊಳ್ಳಬೇಕು. ನಾಲ್ವರು ಕ್ಲಾಸ್‌ಮೇಟುಗಳನ್ನು ಮನೆಗೆ ಕರೆದು, ಯಾವುದು ಯಾವುದೆಂದು ಹೇಳದೆ ಎರಡು ಲೋಟ ಕೊಟ್ಟೆ. ಮೂವರು ಕ್ಯೂಬಿನದೇ ಚೆನ್ನಾಗಿದೆ ಎಂದರು. ನಾಲ್ಕನೆಯವನಿಗೆ ನೆಗಡಿ. ನನಗೆ ಮುಖಭಂಗವಾಯಿತು. ಆಮೇಲೆ ಹೊಳೆಯಿತು, ಒಂದರಲ್ಲಿ ಉಪ್ಪಿದೆ, ಇನ್ನೊಂದರಲ್ಲಿ ಇಲ್ಲ. ಲ್ಯಾಬಿನಲ್ಲಿ ಹೀಗೆ ಮಾಡಿದರೆ ಸರ್ ರೆಕಾರ್ಡು ಎಸೆಯುತ್ತಾರೆ. ಎರಡನೇ ಸುತ್ತಿನಲ್ಲಿ ಮನೆಯ ಕಟ್ಟಿಗೂ ಉಪ್ಪು ಸೇರಿಸಿ, ಕ್ಯೂಬಿನ ನೀರಿನಷ್ಟೇ ಉಪ್ಪುಪ್ಪು ಮಾಡಿ ಕೊಟ್ಟೆ. ಆಗ ನಾಲ್ವರೂ ಮನೆಯದನ್ನೇ ಆರಿಸಿದರು. ನೆಗಡಿಯವನು ‘ಇದು ಗಂಟಲಿಗೆ ಹಿತವಾಗಿದೆ’ ಎಂದು ಇನ್ನೊಂದು ಲೋಟ ಕೇಳಿದ.

ಹಾಗೆಂದು ಕ್ಯೂಬನ್ನು ಬೈಯುತ್ತ ಕೂರುವುದಿಲ್ಲ. ನಮ್ಮ ಸೀನಿಯರ್ ಒಬ್ಬರು ವೈಟ್‌ಫೀಲ್ಡಿನ ಪಿ.ಜಿ.ಯಲ್ಲಿದ್ದುಕೊಂಡು ಕೆಲಸ ಹುಡುಕುತ್ತಿದ್ದಾರೆ. ಇರುವುದೊಂದು ಎಲೆಕ್ಟ್ರಿಕ್ ಕೆಟಲ್ಲು, ರಾತ್ರಿ ಓನರ್ ಕಣ್ಣು ತಪ್ಪಿಸಿ ಬಳಸಬೇಕು. ಅವರಿಗೆ ಹೋಗಿ ಕೋಳಿಕಾಲಿನ ಸಿಪ್ಪೆ ಸುಲಿಯಿರಿ ಎಂದರೆ ನನಗೇ ಸುಲಿಯುತ್ತಾರೆ. ಅವರಿಗೆ ನಾನು ಹೇಳಿದ್ದಿಷ್ಟು: ಅರ್ಧ ಕ್ಯೂಬು ಹಾಕಿ, ಮೇಲೆ ಉಪ್ಪು ಹಾಕಬೇಡಿ, ಅದು ಕೋಳಿ ಅಂದುಕೊಳ್ಳದೆ ಮಸಾಲೆ ಉಪ್ಪು ಅಂದುಕೊಳ್ಳಿ, ಜೊತೆಗೆ ಒಂದು ಮೊಟ್ಟೆ ಬೇಯಿಸಿಕೊಳ್ಳಿ. ಮನೆಯಲ್ಲಿ ಮಾಡಿದ ಕಟ್ಟಿಗೂ ಈ ಮೊಟ್ಟೆಯ ಮಾತು ಅನ್ವಯಿಸುತ್ತದೆ. ಲೀಬಿಗ್ ಕಥೆ ಓದಿದ ಮೇಲೆ, ಸೂಪು ಕುಡಿದರೆ ಶಕ್ತಿ ಬಂದುಬಿಡುತ್ತದೆ ಎಂಬ ನಂಬಿಕೆ ನನಗೆ ಉಳಿದಿಲ್ಲ. ಸೂಪಿನ ಜೊತೆ ತಾತ ಬೆಂದ ಮಾಂಸವನ್ನೂ ತಿನ್ನಬೇಕು. ಅವರು ದಿನಕ್ಕೆ ಕುಡಿಯುವ ನೀರಿಗೂ ಮಿತಿ ಇದೆ, ಆ ಲೆಕ್ಕದಲ್ಲಿ ಸೂಪನ್ನೂ ಸೇರಿಸಿಕೊಳ್ಳಬೇಕು ಎಂದು ನರ್ಸಕ್ಕ ಹೇಳಿಕೊಟ್ಟಿದ್ದಾರೆ.

ಉಪ್ಪಿನ ಬದಲಿಗೆ ಮೆಡಿಕಲ್ಲಿನಲ್ಲಿ ಸಿಗುವ ‘ಕಡಿಮೆ ಸೋಡಿಯಂ ಉಪ್ಪು’ ತರಲು ಹೊರಟಿದ್ದೆ. ಡಾಕ್ಟರನ್ನು ಕೇಳಿದ್ದು ಒಳ್ಳೆಯದಾಯಿತು. ಅದರಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಸಿಯಂ ಇರುತ್ತದೆ, ತಾತ ತೆಗೆದುಕೊಳ್ಳುವಂಥ ಮಾತ್ರೆಗಳ ಜೊತೆ ಅದು ಅಪಾಯ. ಈಗ ಕಾಳು ಮೆಣಸು, ಅರ್ಧ ನಿಂಬೆಹಣ್ಣು, ಎರಡೆಸಳು ಜಜ್ಜಿದ ಬೆಳ್ಳುಳ್ಳಿ. ಮದರಾಸಿನಲ್ಲಿದ್ದ ಇಂಗ್ಲಿಷರು ತಮಿಳಿನ ಮಿಳಗು ತಣ್ಣಿಯನ್ನೇ ಮುಲಿಗಟಾನಿ ಸೂಪು ಎಂದು ಕರೆದುಕೊಂಡು ತಮ್ಮ ಊರಿಗೆ ಒಯ್ದರು. ಮೆಣಸು ನೀರಿಗೆ ಅಷ್ಟು ತಾಕತ್ತಿದೆ.

ಮತ್ತೆ ಆ ಮೊಬೈಲಿನ ರೆಸಿಪಿಗಳ ವಿಷಯ. ಅವು ಅಷ್ಟುದ್ದ ಯಾಕಿರುತ್ತವೆ ಎಂದು ಹುಡುಕಿದೆ. ನಾವು ಉಜ್ಜಿದಷ್ಟೂ ಜಾಹೀರಾತು ಕಾಣುತ್ತದೆ, ಬರೆದವರಿಗೆ ಅದರಿಂದಲೇ ಕಾಸು. ಜೊತೆಗೆ ಅಮೆರಿಕದ ಕಾನೂನಿನಲ್ಲಿ ಸಾಮಗ್ರಿಗಳ ಬರೀ ಪಟ್ಟಿಗೆ ಹಕ್ಕುಸ್ವಾಮ್ಯ ಸಿಗುವುದಿಲ್ಲ, ಸುತ್ತ ಬರೆದ ಕಥೆಗೆ ಸಿಗುತ್ತದೆ. ಅವರ ಹೊಟ್ಟೆಪಾಡು ನನಗೆ ಅರ್ಥವಾಗುತ್ತದೆ. ಹೆಂಗಸರು ಮನೆಯಲ್ಲಿ ಪುಕ್ಕಟೆ ಮಾಡುತ್ತಿದ್ದ ಕೆಲಸದಿಂದ ಯಾರೋ ಒಬ್ಬರು ನಾಲ್ಕು ಕಾಸು ಸಂಪಾದಿಸಿದರೆ ನನಗೇಕೆ ಹೊಟ್ಟೆಯುರಿ? ನನ್ನ ತಕರಾರು ಬೇರೆ. ಎರಡು ಸಾವಿರ ಪದದ ಆ ಬರಹದಲ್ಲಿ ‘ಕ್ಯೂಬು ಹಾಕಿದರೆ ಮೇಲೆ ಉಪ್ಪು ಹಾಕಬೇಡಿ’ ಎಂಬ ಮಾತಿಗೆ ಜಾಗವಿರಲಿಲ್ಲ. ಕಪ್ ಎಂದರೆ ಎಷ್ಟು ಎಂದೂ ಇರಲಿಲ್ಲ. ಅಮೆರಿಕದ ಕಪ್ಪು 240 ಮಿ.ಲೀ. ಹತ್ತಿರ, ನಮ್ಮನೆಯ ಟೀ ಕಪ್ಪು ಅದರ ಅರ್ಧ. ಎಐಗೂ ಕೇಳಿ ನೋಡಿದೆ. ಕಥೆ ಹೇಳದೆ ನೇರವಾಗಿ ಉತ್ತರ ಕೊಟ್ಟಿತು, ಆದರೆ ಅದೂ ಸೆಲರಿ ಹಾಕು ಎಂದಿತು. ನಮ್ಮಲ್ಲಿ 16ನೇ ಶತಮಾನದಲ್ಲೇ ಮಂಗರಸ ಕನ್ನಡ ಪದ್ಯದಲ್ಲಿ ‘ಸೂಪಶಾಸ್ತ್ರ’ ಬರೆದ. ಜೈನ ಕವಿ, ಹಾಗಾಗಿ ಕೋಳಿ ಇಲ್ಲ. ಪದ್ಯದಲ್ಲಿ ಬರೆದವನೂ ತನ್ನ ನಾಯಿಯ ಕಥೆ ಹೇಳದೆ ಅಡುಗೆಗೆ ಬಂದಿದ್ದಾನೆ.

ಕಳೆದ ಶನಿವಾರ ಹಳೆಯ ಲ್ಯಾಬ್ ರೆಕಾರ್ಡಿನ ಖಾಲಿ ಪುಟದಲ್ಲಿ ಎಲ್ಲವನ್ನೂ ಬರೆದೆ. ಉದ್ದೇಶ, ಬೇಕಾಗುವ ವಸ್ತುಗಳು, ವಿಧಾನ, ಮುನ್ನೆಚ್ಚರಿಕೆ. ಒಂದೇ ಪುಟ. ಸೋಸಿದ ಮೇಲೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಬೇಕು, ಮೂರು ದಿನಕ್ಕಿಂತ ಇಡಬಾರದು ಎಂಬುದನ್ನು ಕೆಂಪು ಇಂಕಿನಲ್ಲಿ ಬರೆದೆ. ಪಾಟಿಗೆ ಓದಿ ಹೇಳಿದೆ. ಅವರು ಎರಡು ಕಡೆ ತಿದ್ದಿಸಿದರು: ಮೆಣಸು ಹತ್ತಲ್ಲ, ಹನ್ನೆರಡು, ಕೊತ್ತಂಬರಿ ದಂಟು ಬಿಟ್ಟುಹೋಗಿದೆ. ಆ ಪುಟದ ಫೋಟೊವನ್ನು ಅಮ್ಮನಿಗೆ ಕಳಿಸಿದೆ. ರೈಲಿನಲ್ಲಿ ನಿಂತುಕೊಂಡೇ ಓದಿದರಂತೆ. ‘ನಿಮ್ಮಜ್ಜಿ ಸ್ವಲ್ಪ ಸೋಂಪು ಹಾಕೋರು’ ಎಂದು ಮೆಸೇಜು ಬಂತು. ಅದನ್ನೂ ಸೇರಿಸಿದೆ.

ಭಾನುವಾರ ಸೋಂಪು ಹಾಕಿ ಮಾಡಿದ ಕಟ್ಟನ್ನು ತಾತನಿಗೆ ಕೊಟ್ಟೆ. ಒಂದು ಗುಟುಕು ಕುಡಿದು ‘ಉಪ್ಪಿಲ್ಲ’ ಎಂದರು, ದಿನವೂ ಹೇಳುವ ಹಾಗೆ. ಇನ್ನೊಂದು ಗುಟುಕು ಕುಡಿದು ಸ್ವಲ್ಪ ಹೊತ್ತು ಲೋಟವನ್ನು ಹಾಗೇ ಹಿಡಿದುಕೊಂಡು ಕೂತರು. ಬಾಗಿಲಾಚೆ ಸಯನೈಡ್ ದಿಬ್ಬದ ಮೇಲೆ ಬಿಸಿಲು ಏರುತ್ತಿತ್ತು. ಆಮೇಲೆ ಲೋಟ ಖಾಲಿ ಮಾಡಿ, ತಟ್ಟೆಯಲ್ಲಿದ್ದ ಕೋಳಿಕಾಲು ಎತ್ತಿಕೊಂಡು ಒಂದೊಂದೇ ಗೆಣ್ಣು ಚೀಪತೊಡಗಿದರು.

‘ಮುಂದಿನ ವಾರ ಕಾಲು ಸ್ವಲ್ಪ ಜಾಸ್ತಿ ತಾ’ ಎಂದರು. ‘ಪಾಟಿಗೂ ಒಂದ್ ಲೋಟ ಕೊಟ್ ಬಾ.’